ಕರಾವಳಿಯಲ್ಲಿ ರೋಮನ್ ನಾಣ್ಯ ಸಂಗ್ರಹ: ಮೊದಲು ಡಬ್ಬಿ, ಆಮೇಲೆ ಖರೀದಿ

ರೋಮನ್ ನಾಣ್ಯ ಕೂಡಿಡುವುದರ ಬಗ್ಗೆ ಓದಲು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಒಣಹವೆಯ ಊರಿನವರಿಗಾಗಿ ಬರೆದವು. ಮರದ ಖಾನೆಯಲ್ಲಿ ಮಖಮಲ್ ಹಾಸಿ ಇಡಿ ಅನ್ನುತ್ತವೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದಲ್ಲಿ ಹಾಗೆ ಇಟ್ಟರೆ, ಜೂನ್‌ನಲ್ಲಿ ಚೆನ್ನಾಗಿದ್ದ ಕಂಚಿನ ನಾಣ್ಯ ಚೌತಿಯ ಹೊತ್ತಿಗೆ ತಿಳಿಹಸಿರು ಪುಡಿ ಉದುರಿಸುತ್ತಿರಬಹುದು. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲಿ ಉಪ್ಪುಗಾಳಿ ಇಲ್ಲ ನಿಜ, ಆದರೆ ಮಳೆಗಾಲದ ಥಂಡಿ ಅಲ್ಲೂ ಕಡಿಮೆಯೇನಲ್ಲ. ಹಾಗಾಗಿ ನಮ್ಮ ಕಡೆಯವರು ಈ ಹವ್ಯಾಸವನ್ನು ನಾಣ್ಯದಿಂದ ಶುರು ಮಾಡಬಾರದು, ಡಬ್ಬಿಯಿಂದ ಶುರು ಮಾಡಬೇಕು.

ಡಬ್ಬಿ

ಬೇಕಾಗುವುದು ಇಷ್ಟು: ನಾಲ್ಕೂ ಬದಿ ಲಾಕ್ ಆಗುವ, ಮುಚ್ಚಳಕ್ಕೆ ಸಿಲಿಕೋನ್ ಪಟ್ಟಿ ಇರುವ ಸುಮಾರು 5 ಲೀಟರಿನ ಪ್ಲಾಸ್ಟಿಕ್ ಡಬ್ಬಿ, 250 ಗ್ರಾಂ ಸಿಲಿಕಾ ಜೆಲ್, ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರ್. ಜೆಲ್ ಕಿತ್ತಳೆ ಬಣ್ಣದ್ದು ತೆಗೆದುಕೊಳ್ಳಿ, ತೇವ ಹೀರಿದ ಮೇಲೆ ಅದು ಹಸಿರಾಗುತ್ತದೆ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ. ಜೆಲ್ಲನ್ನು ಎರಡು ತೆಳು ಹತ್ತಿ ಚೀಲಗಳಲ್ಲಿ ತುಂಬಿ ಡಬ್ಬಿಯ ಎರಡು ಮೂಲೆಗೆ ಇಡಿ, ನಾಣ್ಯಕ್ಕೆ ನೇರ ತಾಗದಿರಲಿ.

ಮೀಟರ್ ತಂದ ದಿನವೇ ನಂಬಬೇಡಿ. ಒಂದು ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಗಟ್ಟಿ ಹಿಟ್ಟಿನ ಹದಕ್ಕೆ ನೀರು ಬೆರೆಸಿ, ಮೀಟರ್ ಜೊತೆ ಖಾಲಿ ಡಬ್ಬಿಯೊಳಗೆ ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ 75% ತೋರಿಸಬೇಕು. 79 ತೋರಿಸಿದರೆ ನಿಮ್ಮ ಮೀಟರ್ 4 ಹೆಚ್ಚು ಹೇಳುತ್ತದೆ ಎಂದು ಬರೆದಿಟ್ಟುಕೊಳ್ಳಿ. ಇದಕ್ಕೆ ಪ್ಯಾಕೆಟ್ಟಿನ ಪುಡಿ ಉಪ್ಪೇ ಆಗಬೇಕು. ಸಾಣಿಕಟ್ಟೆಯ ಕಲ್ಲುಪ್ಪು ಮೀನು ಸಾರಿಗೆ ಎಷ್ಟೇ ಚೆನ್ನಾದರೂ ಅದರಲ್ಲಿನ ಮೆಗ್ನೀಸಿಯಂ ಅಂಶ ಲೆಕ್ಕ ತಪ್ಪಿಸುತ್ತದೆ. ಪರೀಕ್ಷೆ ಮುಗಿದ ಮೇಲೆ ಡಬ್ಬಿ ತೊಳೆದು ಪೂರ್ತಿ ಒಣಗಿಸಿ, ಉಪ್ಪಿನ ಒಂದು ಕಣವೂ ಉಳಿಯಬಾರದು.

ಡಬ್ಬಿಯೊಳಗೆ ತೇವಾಂಶ 40%ಗಿಂತ ಕೆಳಗಿರಬೇಕು. 45ರ ಆಸುಪಾಸು ದಾಟಿದರೆ ಕಂಚಿನೊಳಗೆ ಅಡಗಿರುವ ಕ್ಲೋರೈಡ್ (ಉಪ್ಪಿನಂಶ) ಎಚ್ಚೆತ್ತುಕೊಂಡು ಆ ತಿಳಿಹಸಿರು ಪುಡಿ ಹುಟ್ಟಿಸುತ್ತದೆ. ಮೀಟರ್ 38 ತೋರಿಸಿದಾಗಲೇ ಜೆಲ್ ಹೊರತೆಗೆದು, ಚೀಲದಿಂದ ಸುರಿದು, ಓವನ್‌ನಲ್ಲಿ 120 ಡಿಗ್ರಿಯಲ್ಲಿ ಎರಡು ತಾಸು ಒಣಗಿಸಿ. ಬಾಣಲೆಯಲ್ಲಿ ಹುರಿಯಲು ಹೋದರೆ ತಳ ಸೀದು ಜೆಲ್ ಕಪ್ಪಾಗುತ್ತದೆ, ಆಮೇಲೆ ಅದರ ಬಣ್ಣ ಏನನ್ನೂ ಹೇಳುವುದಿಲ್ಲ. ಮಳೆ ಹೊಯ್ಯುವಾಗ ಡಬ್ಬಿ ತೆರೆಯುವ ಚಪಲ ಕಡಿಮೆ ಮಾಡಿ. ಒಂದು ಸಲ ತೆರೆದರೆ ಒಳಗಿನ ಒಣಗಾಳಿಯೆಲ್ಲ ಹೋಯಿತು.

ಪ್ರತಿ ನಾಣ್ಯಕ್ಕೂ ಬೇರೆ ಬೇರೆ ಪ್ಲಾಸ್ಟಿಕ್ ಜೇಬು ಬೇಕು. ಹೊಸ ರೇನ್‌ಕೋಟಿನ ವಾಸನೆ ಬರುವ ಮೆತ್ತನೆಯ ಜೇಬು ಅಂದರೆ ಪಿವಿಸಿ. ಕೆಲವು ತಿಂಗಳಲ್ಲಿ ಜಿಡ್ಡು ಬಿಟ್ಟು ನಾಣ್ಯಕ್ಕೆ ಹಸಿರು ಅಂಟು ಹಿಡಿಸುತ್ತದೆ. ಮೈಲಾರ್ ಜೇಬು ಗಡುಸಾಗಿರುತ್ತದೆ, ಮಡಚಿದರೆ ಚರಪರ ಅನ್ನುತ್ತದೆ, ಅದೇ ಸರಿ. ರಟ್ಟಿನ ಚೌಕಕ್ಕೆ ಸ್ಟೇಪ್ಲರ್ ಪಿನ್ ಹೊಡೆಯುವ ಪದ್ಧತಿ ಇಲ್ಲಿ ನಡೆಯುವುದಿಲ್ಲ, ಕಡಲ ಗಾಳಿಗೆ ಪಿನ್ ತುಕ್ಕು ಹಿಡಿದು ರಟ್ಟನ್ನೂ ಕೆಡಿಸುತ್ತದೆ. ರಬ್ಬರ್ ಬ್ಯಾಂಡ್ ಹತ್ತಿರ ತರಬೇಡಿ, ಅದರ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಅಡಿಕೆ, ಮುರುಗಲು ಒಣಗಿಸಲು ಒಲೆಯ ಮೇಲಿನ ಅಟ್ಟ ಒಳ್ಳೆಯ ಜಾಗ. ನಾಣ್ಯಕ್ಕೆ ಅಲ್ಲ, ಹೊಗೆಯೂ ಹಾಗೇ ಕೆಡಿಸುತ್ತದೆ.

ಏನನ್ನು ಕೊಳ್ಳಬೇಕು

ಮೊದಲ ನಾಣ್ಯ ಚಿನ್ನದ್ದಾಗಬೇಕು ಅನ್ನುವವರನ್ನು ತಡೆಯುವುದೇ ಒಂದು ಕೆಲಸ. ಆರಂಭಕ್ಕೆ ಸರಿಯಾದದ್ದು 4ನೇ ಶತಮಾನದ ಸಣ್ಣ ಕಂಚಿನ ನಾಣ್ಯ. ಎರಡು-ಮೂರು ಸಾವಿರ ರೂಪಾಯಿಗೆ ಓದಲು ಬರುವಂಥದ್ದು ಸಿಗುತ್ತದೆ, ತಪ್ಪಾದರೂ ಜೇಬು ಸುಡುವುದಿಲ್ಲ. ಚಕ್ರವರ್ತಿ ಕಾನ್‌ಸ್ಟಂಟೈನ್ ಮನೆತನದ ‘ಗ್ಲೋರಿಯಾ ಎಕ್ಸರ್ಸಿಟಸ್’ (ಸೈನ್ಯದ ಕೀರ್ತಿ) ಎಂಬ ಬರಹದ ಮಾದರಿಯನ್ನೇ ಹುಡುಕಿ. ಹಿಂಬದಿಯಲ್ಲಿ ಈಟಿ, ಗುರಾಣಿ ಹಿಡಿದ ಇಬ್ಬರು ಸೈನಿಕರು, ನಡುವೆ ಸೈನ್ಯದ ಧ್ವಜಗಂಬ. ಗಂಬ ಎರಡಿದ್ದರೆ ಕ್ರಿ.ಶ. 330ರಿಂದ 335ರ ಒಳಗಿನದು, ಒಂದೇ ಇದ್ದರೆ 335ರಿಂದ 341ರದು. ಎರಡು ಗಂಬದ್ದು ಸುಮಾರು 2.5 ಗ್ರಾಂ, ಒಂದು ಗಂಬದ್ದು 1.6ರ ಸುತ್ತಮುತ್ತ. ತೂಕ ಇಳಿಸಿ, ಅಗಲ ಕುಗ್ಗಿಸಿದಾಗ ಎರಡನೇ ಗಂಬಕ್ಕೆ ಜಾಗವೇ ಉಳಿಯಲಿಲ್ಲ. ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಹಣದ ಬೆಲೆ ಇಳಿಯುವುದು ಕಣ್ಣಿಗೇ ಕಾಣುತ್ತದೆ.

ಅದರ ಮೇಲಿನ ಮೆಟ್ಟಿಲು ಬೆಳ್ಳಿಯ ಡಿನೇರಿಯಸ್. ಸೆವೆರಸ್ ಮನೆತನದ (ಕ್ರಿ.ಶ. 193–235) ಡಿನೇರಿಯಸ್‌ಗಳು ಧಾರಾಳವಾಗಿ ಸಿಗುತ್ತವೆ, ಐದರಿಂದ ಹತ್ತು ಸಾವಿರದೊಳಗೆ ಚೆಂದದ್ದು ಬರುತ್ತದೆ. ಚೆಲುವಿಗಾಗಿ ಒಂದೇ ಕೊಳ್ಳುವುದಾದರೆ ರಾಣಿ ಜೂಲಿಯಾ ಡೊಮ್ನಾಳದ್ದು ಕೊಳ್ಳಿ, ಆ ಮುಡಿಯ ಅಲೆಗಳನ್ನು ಅಚ್ಚು ಕೊರೆದವನು ಒಂದೊಂದಾಗಿ ಗೀರಿದ್ದಾನೆ. ಭವ್ಯತೆ ಬೇಕೆಂದರೆ ಹಿತ್ತಾಳೆಯ ಸೆಸ್ಟರ್ಸಿಯಸ್: 25 ಗ್ರಾಂ ತೂಕ, 32–35 ಮಿ.ಮೀ. ಅಗಲ. ನಾಲ್ಕು ಸೆಸ್ಟರ್ಸಿಯಸ್‌ಗೆ ಒಂದು ಡಿನೇರಿಯಸ್, 25 ಡಿನೇರಿಯಸ್‌ಗೆ ಒಂದು ಚಿನ್ನದ ಆರಿಯಸ್. ಒಳ್ಳೆಯ ಸೆಸ್ಟರ್ಸಿಯಸ್ ಅಪರೂಪ, ಕೆಟ್ಟದ್ದನ್ನು ಕೆತ್ತಿ ಒಳ್ಳೆಯದು ಮಾಡಿ ಮಾರುವವರು ಅಪರೂಪವಲ್ಲ. ಎರಡು ವರ್ಷ ಕಣ್ಣು ಪಳಗಿದ ಮೇಲೆ ನೋಡಿ.

ನಮ್ಮ ಕಡಲಿನ ವ್ಯಾಪಾರಕ್ಕೆ ನೇರ ಸಂಬಂಧಪಟ್ಟವು ಎರಡು ಮಾದರಿಗಳು. ಭಾರತದಲ್ಲಿ ಸಿಕ್ಕ ರೋಮನ್ ಬೆಳ್ಳಿಯ ನಿಧಿಗಳಲ್ಲಿ ಅತಿ ಹೆಚ್ಚು ಇರುವುದು ಇವೇ. ಒಂದು ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್‌ನದು: ಹಿಂಬದಿಯಲ್ಲಿ ಅವನ ಮೊಮ್ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್, ನಡುವೆ ಗುರಾಣಿ, ಈಟಿ. ಇನ್ನೊಂದು ಅವನ ನಂತರ ಬಂದ ಟೈಬೀರಿಯಸ್‌ನದು: ಹಿಂಬದಿಯಲ್ಲಿ ಕೊಂಬೆ ಮತ್ತು ದಂಡ ಹಿಡಿದು ಪೀಠದ ಮೇಲೆ ಕೂತ ಹೆಂಗಸು, ಪಕ್ಕದಲ್ಲಿ ‘ಪಾಂಟಿಫ್ ಮ್ಯಾಕ್ಸಿಮ್’ (ಪ್ರಧಾನ ಅರ್ಚಕ) ಎಂಬ ಬರಹ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಇವರಿಬ್ಬರ ನಾಣ್ಯಗಳೂ ಉತ್ಖನನದಲ್ಲಿ ಸಿಕ್ಕಿವೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಒಂದು ನಿಧಿಯೇ ಸಿಕ್ಕಿತು. ಮೆಣಸಿನ ವ್ಯಾಪಾರಿಗಳು ಹಳೆಯ ನಾಣ್ಯವನ್ನೇ ಬಯಸಿದ್ದಕ್ಕೆ ಕಾರಣ ಇತ್ತು: ಅಗಸ್ಟಸ್ ಕಾಲದ ಡಿನೇರಿಯಸ್ ಹೆಚ್ಚುಕಡಿಮೆ ಶುದ್ಧ ಬೆಳ್ಳಿ, ಕ್ರಿ.ಶ. 64ರಲ್ಲಿ ನೀರೋ ತೂಕವನ್ನೂ ಇಳಿಸಿದ, ಬೆಳ್ಳಿಯನ್ನೂ ಸುಮಾರು 80%ಕ್ಕೆ ತಂದ. ಟೈಬೀರಿಯಸ್ ನಾಣ್ಯಕ್ಕೆ ಬೈಬಲ್ಲಿನ ‘ಕಂದಾಯದ ನಾಣ್ಯ’ ಎಂಬ ಹೆಸರು ಅಂಟಿರುವುದರಿಂದ ಅದರ ಬೆಲೆ ಯೋಗ್ಯತೆಗಿಂತ ಮೇಲೆಯೇ ಇರುತ್ತದೆ. ಅಗಸ್ಟಸ್‌ನದು ಸಮಾನ ಇತಿಹಾಸಕ್ಕೆ ಕಡಿಮೆ ದುಡ್ಡು.

ಭಾರತದಲ್ಲಿ ಓಡಾಡಿದ ಎಷ್ಟೋ ರೋಮನ್ ನಾಣ್ಯಗಳ ಮೇಲೆ ಚಕ್ರವರ್ತಿಯ ಮುಖಕ್ಕೆ ಉಳಿಯಿಂದ ಹೊಡೆದ ಗೀರು ಇರುತ್ತದೆ. ಲೋಹ ಪರೀಕ್ಷೆಗೋ, ಪರದೇಶದ ದೊರೆಯ ಅಧಿಕಾರ ಇಲ್ಲಿ ನಡೆಯದು ಎಂದು ತೋರಿಸಲಿಕ್ಕೋ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಚಿನ್ನದವುಗಳಲ್ಲಿ ಕೊರಳಿಗೆ ಪೋಣಿಸಲು ತೂತು ಕೊರೆದವು ಬೇಕಾದಷ್ಟು, ಕಾಸಿನ ಸರ ನೋಡಿದ ನಮಗೆ ಅದನ್ನು ವಿವರಿಸಬೇಕಾಗಿಲ್ಲ. ಯುರೋಪಿನ ಸಂಗ್ರಾಹಕ ಇಂಥದ್ದನ್ನು ದೋಷ ಎನ್ನುತ್ತಾನೆ, ಬೆಲೆ ಇಳಿಯುತ್ತದೆ. ನಮಗೆ ಆ ಗೀರೇ ಅರ್ಧ ಚರಿತ್ರೆ. ಆದರೆ ಅಂಥ ನಾಣ್ಯ ಯಾವ ನಿಧಿಯಿಂದ, ಹೇಗೆ ಹೊರಬಂತು ಎಂಬ ಕಾಗದ ಇಲ್ಲದಿದ್ದರೆ ಮುಟ್ಟಬೇಡಿ.

ಜೊತೆಗೆ ಇಡಲು ಒಂದು ಊರಿನ ನಾಣ್ಯವೂ ಇದೆ. ರೋಮಿನ ವ್ಯಾಪಾರದ ಕಾಲಕ್ಕೆ ಹತ್ತಿರದ ಚುಟುಕುಲಾನಂದ, ಮುಳಾನಂದ ಎಂಬ ದೊರೆಗಳ ದೊಡ್ಡ ಸೀಸದ ನಾಣ್ಯಗಳು ಕಾರವಾರದ ಕಡೆ ಸಿಕ್ಕಿವೆ. ಒಂದು ಬದಿ ಕಮಾನುಗಳ ಗುಡ್ಡ, ಇನ್ನೊಂದು ಬದಿ ಕಟಾಂಜನದೊಳಗಿನ ಮರ. ಸೀಸವನ್ನು ಮರದ ಡಬ್ಬಿಯಲ್ಲಿ ಎಂದೂ ಇಡಬಾರದು, ಮರದಿಂದ ಹೊಮ್ಮುವ ಆಮ್ಲದ ಆವಿಗೆ ಅದು ಬಿಳಿ ಪುಡಿಯಾಗುತ್ತದೆ. ಪ್ಲೈವುಡ್, ಎಂಡಿಎಫ್ ಕಪಾಟು ಇನ್ನೂ ಕೆಟ್ಟದ್ದು.

ಓದುವುದು

ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ. ಹಳೆಯ ಬೆಳ್ಳಿ ಒಳಗೊಳಗೇ ಹರಳುಗಟ್ಟಿ ಪೆಡಸಾಗಿರುತ್ತದೆ, ಕೆಂಪು ಗಾರೆ ನೆಲಕ್ಕೆ ಬಿದ್ದರೆ ಎರಡು ಹೋಳು. ಕೈ ತೊಳೆದು ಒರೆಸಿ, ಅಂಚನ್ನು ಮಾತ್ರ ಹಿಡಿಯಿರಿ. 10 ಪಟ್ಟಿನ ಭೂತಗನ್ನಡಿ, 0.01 ಗ್ರಾಂ ತೋರಿಸುವ ತಕ್ಕಡಿ, ಅಗಲ ಅಳೆಯಲು ಒಂದು ಕ್ಯಾಲಿಪರ್ ಇದ್ದರೆ ಸಾಕು. ಬೆಳಕು ಒಂದೇ ಕಡೆಯಿಂದ, ಓರೆಯಾಗಿ ಬೀಳಲಿ. ನಾಣ್ಯ ತಿರುಗಿಸುತ್ತ ಹೋದರೆ ಸವೆದ ಅಕ್ಷರವೂ ಒಂದು ಕೋನದಲ್ಲಿ ನೆರಳು ಬಿಡುತ್ತದೆ.

ಬರಹ ಸಾಮಾನ್ಯವಾಗಿ ಎಡಭಾಗದ ಕೆಳಗಿನಿಂದ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಪದಗಳ ನಡುವೆ ಜಾಗ ಇರುವುದಿಲ್ಲ, ಯು ಅಕ್ಷರದ ಬದಲು ವಿ ಇರುತ್ತದೆ. ಲ್ಯಾಟಿನ್ ಕಲಿಯುವುದು ಬೇಡ, ಏಳೆಂಟು ಸಂಕ್ಷೇಪ ಸಾಕು. ‘ಐ ಎಂ ಪಿ’ ಸೇನಾಧಿಪತಿ, ‘ಎ ವಿ ಜಿ’ ಅಗಸ್ಟಸ್ ಎಂಬ ಬಿರುದು, ‘ಪಿ ಎಂ’ ಪ್ರಧಾನ ಅರ್ಚಕ, ‘ಪಿ ಪಿ’ ದೇಶದ ತಂದೆ, ‘ಡಿ ಎನ್’ ನಮ್ಮ ಒಡೆಯ. ಕಡೆಯದು ಕಂಡರೆ ನಾಣ್ಯ ತಡವಾದ ಕಾಲದ್ದು. ‘ಟಿ ಆರ್ ಪಿ’ ಪ್ರತಿವರ್ಷ ನವೀಕರಿಸುವ ಅಧಿಕಾರ, ಅದರ ಮುಂದೆ ಸಂಖ್ಯೆ ಇದ್ದರೆ ವರ್ಷವೇ ಸಿಕ್ಕಂತೆ. ‘ಸಿ ಒ ಎಸ್’ ಅಂದರೆ ಎಷ್ಟನೇ ಬಾರಿ ಕಾನ್ಸಲ್ (ರೋಮಿನ ಅತಿ ಹಿರಿಯ ಅಧಿಕಾರಿ ಪದವಿ). ಚಕ್ರವರ್ತಿ ಟ್ರೇಜನ್‌ನ ನಾಣ್ಯದಲ್ಲಿ ಅದರ ಮುಂದೆ ವಿ ಒಂದೇ ಇದ್ದರೆ ಐದನೇ ಬಾರಿ, ಅಂದರೆ ಕ್ರಿ.ಶ. 103–111, ವಿ ಮತ್ತು ಒಂದು ಗೆರೆ ಇದ್ದರೆ ಆರನೇ ಬಾರಿ, 112–117. ಅವನ ನಂತರದ ಹೇಡ್ರಿಯನ್‌ನಲ್ಲಿ ಈ ಉಪಾಯ ನಡೆಯುವುದಿಲ್ಲ, 119ರಲ್ಲಿ ಮೂರನೇ ಬಾರಿ ಕಾನ್ಸಲ್ ಆದವನು ಸಾಯುವ ತನಕ ಅದನ್ನೇ ಬರೆಸಿದ.

ತಲೆಯ ಮೇಲೆ ಏನಿದೆ ಎಂಬುದೂ ಮುಖ್ಯ. ಬೆಳ್ಳಿಯ ನಾಣ್ಯದಲ್ಲಿ ಎಲೆಯ ಮಾಲೆ ಇದ್ದರೆ ಡಿನೇರಿಯಸ್, ಸೂರ್ಯಕಿರಣದ ಕಿರೀಟ ಇದ್ದರೆ ಕ್ರಿ.ಶ. 215ರಲ್ಲಿ ಚಕ್ರವರ್ತಿ ಕ್ಯಾರಕಲ್ಲಾ ಶುರು ಮಾಡಿದ ಅಂಟೋನಿನಿಯಾನಸ್. ಐವತ್ತೇ ವರ್ಷದಲ್ಲಿ ಅದರ ಬೆಳ್ಳಿ 5%ಗಿಂತ ಕೆಳಗಿಳಿದು ತಾಮ್ರದ ಬಿಲ್ಲೆಯಾಯಿತು. ತಡ ಕಾಲದ ಕಂಚಿನಲ್ಲಿ ಹಿಂಬದಿಯ ಅಡಿಗೆರೆಯ ಕೆಳಗೆ ಟಂಕಸಾಲೆ ಇದ್ದ ಊರಿನ ಗುರುತು ಇರುತ್ತದೆ: ‘ಎಸ್ ಐ ಎಸ್’ ಸಿಸ್ಕಿಯಾ, ‘ಟಿ ಆರ್’ ಟ್ರಿಯರ್, ‘ಎ ಎನ್ ಟಿ’ ಅಂಟಿಯಾಕ್. ಕೊಳ್ಳುವಾಗ ಈ ಗುರುತು ಪೂರ್ತಿ ಇರುವುದನ್ನೇ ಆರಿಸಿ. ಮುಖ ಚೆನ್ನಾಗಿದ್ದು ಗುರುತು ಕತ್ತರಿಸಿಹೋದ ನಾಣ್ಯವನ್ನು ಪೂರ್ತಿ ಗುರುತಿಸಲಾಗದೆ ಕೊನೆಗೂ ಕಿರಿಕಿರಿಯಾಗುತ್ತದೆ. ಬರಹ ಸಿಕ್ಕ ಮೇಲೆ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಉಚಿತ ಆನ್‌ಲೈನ್ ಪಟ್ಟಿ ‘ಓಸಿಆರ್‌ಇ’ಯಲ್ಲಿ ಹುಡುಕಿ, ಅದರ ಕ್ರಮಸಂಖ್ಯೆಯನ್ನು ತೂಕ, ಅಗಲ, ಕೊಂಡ ದಿನ, ಬಿಲ್ಲಿನ ಫೋಟೊ ಜೊತೆ ಪುಸ್ತಕದಲ್ಲಿ ಬರೆಯಿರಿ.

ಖೋಟಾ ಹಿಡಿಯುವುದು

ಅಸಲಿ ನಾಣ್ಯವನ್ನು ಎರಡು ಅಚ್ಚಿನ ನಡುವೆ ಬಿಲ್ಲೆ ಇಟ್ಟು ಸುತ್ತಿಗೆಯಿಂದ ಹೊಡೆದು ಮಾಡಿರುತ್ತಾರೆ. ಹೊಡೆತಕ್ಕೆ ಲೋಹ ಹೊರಮುಖವಾಗಿ ಸರಿದ ಸಣ್ಣ ಗೆರೆಗಳು ಅಕ್ಷರಗಳ ಸುತ್ತ ಕಾಣುತ್ತವೆ, ಅಂಚಿನಲ್ಲಿ ಸೀಳು ಇರುತ್ತದೆ. ಎರಕದ ಖೋಟಾದಲ್ಲಿ ಅಕ್ಷರದ ಬುಡ ಸೋಪಿನ ಹಾಗೆ ಮೊಂಡು, ಮೈಮೇಲೆ ಗುಳ್ಳೆ ಒಡೆದ ಸೂಜಿಮೊನೆಯ ಕುಳಿಗಳು, ಅಂಚಿನ ಸುತ್ತ ಕೂಡುಗೆರೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು. ಒಬ್ಬನೇ ಮಾರುವವನ ಬಳಿ ಎರಡು ನಾಣ್ಯಗಳಲ್ಲಿ ಸೀಳು, ಸವೆತ, ವಾರೆ ಎಲ್ಲವೂ ಒಂದೇ ಜಾಗದಲ್ಲಿದ್ದರೆ ಎರಡೂ ಒಂದೇ ಅಚ್ಚೆರಕದವು. ಕೈಯಿಂದ ಹೊಡೆದ ನಾಣ್ಯ ಜೋಡಿಯಾಗಿ ಹುಟ್ಟುವುದಿಲ್ಲ.

ಬೆಳ್ಳಿಗೆ ನೀರಿನ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಮೊದಲು ನಾಣ್ಯ ತೂಗಿ. ಆಮೇಲೆ ಅರ್ಧ ಲೋಟ ಡಿಸ್ಟಿಲ್ಡ್ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ನೈಲಾನ್ ದಾರಕ್ಕೆ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಇಳಿಬಿಡಿ. ಮೈಗೆ ಗುಳ್ಳೆ ಅಂಟಿದ್ದರೆ ಅಲುಗಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವ ಅಂಕಿಯಿಂದ ಮೊದಲ ತೂಕವನ್ನು ಭಾಗಿಸಿ. 3.72 ಗ್ರಾಂ ನಾಣ್ಯಕ್ಕೆ 0.36 ತೋರಿಸಿದರೆ ಸಾಂದ್ರತೆ 10.3, ಅಗಸ್ಟಸ್ ಕಾಲದ ಬೆಳ್ಳಿಗೆ ಸರಿ. 0.42 ತೋರಿಸಿದರೆ 8.9, ಅದು ತಾಮ್ರ ಇಲ್ಲವೇ ತಾಮ್ರ-ನಿಕ್ಕಲ್. ಎರಡನೇ ದಶಾಂಶ ಒಂದಂಕಿ ಆಚೀಚೆಯಾದರೂ ಉತ್ತರ 3% ಬದಲಾಗುವುದರಿಂದ ಮೂರು ಸಲ ಮಾಡಿ ಸರಾಸರಿ ನೋಡಿ. ಹೆಚ್ಚು ನಿಖರ ಬೇಕಿದ್ದರೆ ಚಿನ್ನದ ಕೆಲಸದ ಶೇಟರ ಅಂಗಡಿಯ ಮಿಲಿಗ್ರಾಂ ತಕ್ಕಡಿ ಇದೆ. ಆದರೆ ಅಭ್ಯಾಸಬಲದಿಂದ ಅವರ ಕೈ ಒರೆಗಲ್ಲಿನ ಕಡೆ ಹೋಗುವ ಮೊದಲೇ ‘ಉಜ್ಜುವುದು ಬೇಡ, ತೂಕ ಸಾಕು’ ಎಂದು ಹೇಳಿಬಿಡಿ. ಹಾಲ್‌ಮಾರ್ಕ್ ಕೇಂದ್ರದಲ್ಲಿ ಎಕ್ಸ್-ಕಿರಣದಿಂದ ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರ ನಾಣ್ಯಕ್ಕೆ ಹಾನಿ ಮಾಡುವುದಿಲ್ಲ, ಆದರೆ ಅದು ಮೇಲ್ಮೈಯನ್ನಷ್ಟೇ ನೋಡುತ್ತದೆ. ತಾಮ್ರದ ಬಿಲ್ಲೆಗೆ ಬೆಳ್ಳಿಯ ಹೊದಿಕೆ ಹಾಕಿದ ರೋಮನ್ ಕಾಲದ್ದೇ ಖೋಟಾಗಳಿವೆ, ಯಂತ್ರ ಅದನ್ನು ಬೆಳ್ಳಿ ಎನ್ನುತ್ತದೆ, ನೀರು ಎನ್ನುವುದಿಲ್ಲ. ಅಂಥ ಹಳೆಯ ಖೋಟಾಕ್ಕೂ ಸಂಗ್ರಾಹಕರಿದ್ದಾರೆ ಅನ್ನುವುದು ಬೇರೆ ಮಾತು.

ಕೊಳ್ಳುವುದು, ಕಾನೂನು

ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುತ್ತದೆ. ಮಾರುವವರಿಗೆ ಲೈಸೆನ್ಸ್ ಬೇಕು, ದೇಶದಿಂದ ಹೊರಗೆ ಕಳಿಸುವುದು ನಿಷಿದ್ಧ. ಬೆಂಗಳೂರು, ಮುಂಬೈಯ ಲೈಸೆನ್ಸ್ ಇರುವ ಹರಾಜುದಾರರಿಂದ ಬಿಲ್ ಸಹಿತ ಕೊಳ್ಳುವುದು ಹೊಸಬರಿಗೆ ಸುಲಭ. ವಿದೇಶದಿಂದ ತರಿಸಿದರೆ ಕಸ್ಟಮ್ಸ್‌ಗೆ ಸರಿಯಾದ ವಿವರ, ಸರಿಯಾದ ಬೆಲೆ ತೋರಿಸಿ. ಒಂದು ತೊಡಕು ಯಾರೂ ಮೊದಲೇ ಹೇಳುವುದಿಲ್ಲ: ಬಂದ ನಾಣ್ಯ ಖೋಟಾ ಅನ್ನಿಸಿ ಹಿಂದಿರುಗಿಸಬೇಕಾದರೆ, ಅದು ಪುರಾತನವಲ್ಲ ಎಂಬ ಪ್ರಮಾಣಪತ್ರವನ್ನು ಪುರಾತತ್ವ ಇಲಾಖೆಯಿಂದ ತರಬೇಕಾಗಬಹುದು. ಆದ್ದರಿಂದ ಹಳೆಯ ಸಂಗ್ರಹದ ದಾಖಲೆ ಇರುವ ನಾಣ್ಯವನ್ನು, ಹೆಸರುಳ್ಳ ಮಾರಾಟಗಾರರಿಂದಲೇ ಕೊಳ್ಳಿ. ಜಾತ್ರೆ, ಬೀಚುಗಳಲ್ಲಿ ‘ಮನೆ ಅಗೆಯುವಾಗ ಸಿಕ್ಕಿದ್ದು’ ಎಂದು ತೋರಿಸುವುದು ಒಂದೋ ಖೋಟಾ, ಇಲ್ಲವೋ ಅಪರಾಧ.

ಬನವಾಸಿಯ ಸುತ್ತ ಮೆಟಲ್ ಡಿಟೆಕ್ಟರ್ ಹಿಡಿದು ತಿರುಗುವ ಯೋಚನೆ ಇದ್ದರೆ ಇಲ್ಲೇ ಬಿಟ್ಟುಬಿಡಿ. ನಿಮ್ಮದೇ ತೋಟದಲ್ಲಿ ಬಾವಿ, ಅಗಳ ತೋಡುವಾಗ ಗಡಿಗೆ ಸಿಕ್ಕರೂ ಕರ್ನಾಟಕದ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ನಾಣ್ಯ ತೊಳೆಯಬೇಡಿ, ಗಡಿಗೆಯ ಚೂರನ್ನೂ ಎಸೆಯಬೇಡಿ, ಸಿಕ್ಕ ಆಳ ಅಳೆದಿಡಿ. ಶಿರಸಿಯಿಂದ ದೂರವಿಲ್ಲದ ಅಕ್ಕಿಆಲೂರಿನಲ್ಲಿ ತಡ ರೋಮನ್, ಬೈಜಾಂಟಿಯನ್ ಚಿನ್ನದ ನಾಣ್ಯಗಳು ಸಿಕ್ಕದ್ದು ಇವತ್ತು ಚರಿತ್ರೆಗೆ ಗೊತ್ತಿರುವುದು ಅವು ಕರಗಿಹೋಗದೆ ದಾಖಲಾದದ್ದರಿಂದ.

ಕಿಲುಬು

ಹುಣಸೆಹಣ್ಣು, ವಾಟೆಹುಳಿ, ಲಿಂಬೆ, ಬೂದಿ, ಟೂತ್‌ಪೇಸ್ಟ್: ದೇವರ ದೀಪಕ್ಕೆ ಸರಿ, ರೋಮನ್ ನಾಣ್ಯಕ್ಕೆ ವಿಷ. ಹುಳಿ ಮೊದಲು ತಿನ್ನುವುದು ಹಸಿರು, ಕಂದು ಬಣ್ಣದ ಮೇಲ್ಪದರವನ್ನು, ಮತ್ತು ಸವೆದ ನಾಣ್ಯದ ಕಣ್ಣು, ಮೂಗು, ಅಕ್ಷರ ಉಳಿದಿರುವುದು ಆ ಪದರದಲ್ಲೇ. ಹೊಳೆಯುವ ನಾಣ್ಯಕ್ಕೆ ಅರ್ಧ ಬೆಲೆಯೂ ಬರುವುದಿಲ್ಲ. ಮಣ್ಣು ಅಂಟಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಹಾಕಿ, ದಿನಕ್ಕೊಮ್ಮೆ ನೀರು ಬದಲಿಸಿ, ಬಿದಿರಿನ ಕಡ್ಡಿಯಿಂದ ಭೂತಗನ್ನಡಿಯಡಿ ಬಿಡಿಸಿ. ಕಡಲಂಚಿನ ಬಾವಿನೀರಿನಲ್ಲಿ ಉಪ್ಪಿರುತ್ತದೆ, ಬೇಡ. ಬ್ಯಾಟರಿ ಅಂಗಡಿಯಲ್ಲಿ ಕೇಳುವಾಗ ‘ಬ್ಯಾಟರಿಗೆ ಹಾಕುವ ನೀರು’ ಎಂದು ಬಿಡಿಸಿ ಹೇಳಿ, ಅದೇ ಕಪಾಟಿನಲ್ಲಿ ಆಸಿಡ್ಡೂ ಇರುತ್ತದೆ.

ಎಲ್ಲ ಹಸಿರೂ ರೋಗವಲ್ಲ. ಗಟ್ಟಿ, ನುಣುಪು, ಕಡುಹಸಿರು ಒಳ್ಳೆಯದು. ಕಡ್ಡಿ ತಾಗಿಸಿದರೆ ಪುಡಿಯಾಗಿ ಉದುರುವ ತಿಳಿಹಸಿರು ಚುಕ್ಕಿಯೇ ಕಂಚಿನ ರೋಗ. ಅನುಮಾನವಿದ್ದರೆ ಒದ್ದೆ ಹತ್ತಿಯ ಜೊತೆ, ಅದಕ್ಕೆ ತಾಗದಂತೆ, ಸಣ್ಣ ಡಬ್ಬಿಯಲ್ಲಿ ಒಂದು ದಿನ ಮುಚ್ಚಿಡಿ. ಹೊಸ ಚುಕ್ಕಿ ಎದ್ದರೆ ಖಾತ್ರಿ.

ಆ ನಾಣ್ಯವನ್ನು ತಕ್ಷಣ ಬೇರೆ ಮಾಡಿ. ಪುಡಿಯನ್ನು ಕಡ್ಡಿಯಿಂದ ಕೆರೆದು ತೆಗೆದು, ಕುಳಿಯ ತಳ ಕಾಣುವವರೆಗೆ ಸ್ವಚ್ಛ ಮಾಡಿ. ಮೊದಲ ವಾರ ದಿನವೂ, ಆಮೇಲೆ ವಾರಕ್ಕೊಮ್ಮೆ ನೀರು ಬದಲಿಸುತ್ತ ಡಿಸ್ಟಿಲ್ಡ್ ನೀರಿನಲ್ಲಿ ಒಂದೂವರೆ-ಎರಡು ತಿಂಗಳು ಬಿಡಿ. ಇಷ್ಟಕ್ಕೂ ಬಗ್ಗದಿದ್ದರೆ ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ 28 ಗ್ರಾಂ ನಿರ್ಜಲ ಸೋಡಿಯಂ ಕಾರ್ಬೊನೇಟ್ (ನೀರಿನಂಶ ಇಲ್ಲದ ವಾಷಿಂಗ್ ಸೋಡಾ), 22 ಗ್ರಾಂ ಅಡುಗೆ ಸೋಡಾ ಸೇರಿಸಿದ ದ್ರಾವಣ. ಇದು ಕ್ಲೋರೈಡನ್ನು ಎಳೆಯುತ್ತದೆ, ಕೆಲವೊಮ್ಮೆ ಮೇಲ್ಪದರದ ಬಣ್ಣವನ್ನೂ ಬದಲಿಸುತ್ತದೆ. ಆದ್ದರಿಂದ ಅಗ್ಗದ ನಾಣ್ಯದಲ್ಲಿ ಮೊದಲು ಮಾಡಿ ನೋಡಿ. ಕೊನೆಗೆ ಮತ್ತೆ ಬರೀ ನೀರಿನಲ್ಲಿ ಎರಡು ವಾರ ತೊಳೆದು, ಶುದ್ಧ ಅಸಿಟೋನಿನಲ್ಲಿ ಹತ್ತು ನಿಮಿಷ ಅದ್ದಿ ತೆಗೆಯಿರಿ. ನೇಲ್ ಪಾಲಿಶ್ ತೆಗೆಯುವ ದ್ರವದಲ್ಲಿ ಎಣ್ಣೆ, ಬಣ್ಣ ಇರುತ್ತವೆ, ಅದು ಆಗದು. ಕಿಟಕಿ ತೆರೆದಿರಲಿ, ಒಲೆ ಆರಿರಲಿ. ಅಸಿಟೋನ್ ಪೂರ್ತಿ ಆರಿ ವಾಸನೆ ಹೋದ ಮೇಲಷ್ಟೇ ಓವನ್‌ಗೆ ಹಾಕಿ, 100 ಡಿಗ್ರಿಯಲ್ಲಿ ಒಂದು ತಾಸು ಒಣಗಿಸಿ. ಬೆಚ್ಚಗಿರುವಾಗಲೇ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ಬೆರಳತುದಿಯಷ್ಟು ಸವರಿ, ಹತ್ತಿ ಬಟ್ಟೆಯಿಂದ ಒರೆಸಿ.

ಈ ಕೆಲಸವನ್ನು ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಇಟ್ಟುಕೊಳ್ಳಿ, ಮಳೆಯಲ್ಲಿ ಏನು ಮಾಡಿದರೂ ಸರಿಯಾಗಿ ಒಣಗುವುದಿಲ್ಲ. ಗುಣವಾಯಿತು ಅನ್ನಿಸಿದ ನಾಣ್ಯವನ್ನು ಒಂದು ತಿಂಗಳು ಬೇರೆ ಡಬ್ಬಿಯಲ್ಲಿ, ಅದಕ್ಕೇ ಪ್ರತ್ಯೇಕ ಜೆಲ್ ಹಾಕಿ, ಬಿಳಿ ಕಾಗದದ ಮೇಲೆ ಇಡಿ. ಕಾಗದದ ಮೇಲೆ ಹಸಿರು ಪುಡಿ ಬೀಳದಿದ್ದರೆ ಅದನ್ನು ಉಳಿದವುಗಳ ಜೊತೆ ಸೇರಿಸಬಹುದು.